ಕೆಂಡದ ಮೇಲೆ ಮಣ್ಣು ಎಳೆದರೆ ಬೆಂಕಿ ಆರುತ್ತದಾ?

ಪ್ರಶ್ನೆ: ರಜೆಯಲ್ಲಿ ಗೆಳೆಯರೆಲ್ಲ ಸೇರಿ ತೋಟದಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತೇವೆ. ಹೊರಡುವಾಗ ಕೆಂಡದ ಮೇಲೆ ಮಣ್ಣು ಎಳೆದು ಬರುತ್ತೇವೆ. ಅಷ್ಟು ಸಾಕಲ್ವಾ?

ಸಾಲದು. ಸೌದೆ ಒಲೆಯಲ್ಲಿ ಅಡುಗೆ ಮಾಡಿದ ಯಾವ ಅಜ್ಜಿಯನ್ನಾದರೂ ಕೇಳಿ, ನಕ್ಕುಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ಅವರು ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದದ್ದು ಆರಿಸಲಿಕ್ಕಲ್ಲ, ಬೆಳಗಿನ ತನಕ ಉಳಿಸಲಿಕ್ಕೆ. ಬೆಳಿಗ್ಗೆ ಬೂದಿ ಕೆದಕಿ, ಒಣಗಿದ ತೆಂಗಿನ ಗರಿ ಇಟ್ಟು ಊದಿದರೆ ಒಲೆ ಹೊತ್ತಿತು. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ಸುಮ್ನೆ ಬಂದದ್ದಲ್ಲ.

ಮಣ್ಣು ಮಾಡುವುದೂ ಅದನ್ನೇ. ಗಾಳಿ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಶಾಖವೂ ಒಳಗೇ ಉಳಿಯುತ್ತದೆ. ಹಾಗಾಗಿ ಕೆಂಡ ತಾಸುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅಡಿಯಲ್ಲಿ ಒಣ ಬೇರು ಇದ್ದರೆ ಅದನ್ನೇ ಹಿಡಿದು ಒಳಗೊಳಗೇ ಮುಂದೆ ಹೋಗುವುದೂ ಉಂಟು. ಸಮುದ್ರದ ದಂಡೆಯಲ್ಲಂತೂ ಮರಳು ಮುಚ್ಚಲೇಬೇಡಿ. ಬರಿಗಾಲಲ್ಲಿ ಓಡಿ ಬರುವ ಮಗುವಿಗೆ ಆ ಜಾಗ ಗೊತ್ತಾಗುವುದಿಲ್ಲ.

ನೀರೇ ಬೇಕು. ಒಂದೆರಡು ಕೊಡ ನೀರನ್ನು ಬೆಂಕಿ ಹಚ್ಚುವ ಮೊದಲೇ ತಂದಿಡಿ. ಆರಿಸುವಾಗ ಒಂದೇ ಸಲ ಸುರಿದರೆ ಬಿಸಿ ಆವಿ, ಬೂದಿ ಎರಡೂ ಮುಖಕ್ಕೇ. ಗಾಳಿಗೆ ಬೆನ್ನು ಕೊಟ್ಟು ನಿಂತು ಚಿಮುಕಿಸುತ್ತಾ ಬನ್ನಿ. ಚುಂಯ್ ಸದ್ದು ನಿಂತ ಮೇಲೆ ಕೋಲಿನಿಂದ ಕೆದಕಿ, ಕೊಳ್ಳಿಗಳನ್ನು ಮಗುಚಿ, ಮತ್ತೆ ನೀರು ಹಾಕಿ. ಒಲೆಕಲ್ಲಿನ ಬುಡವನ್ನು ಮರೆಯಬೇಡಿ. ಕೊನೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗದಿದ್ದರೆ ಮುಟ್ಟಿ. ತಣ್ಣಗಿದ್ದರೆ ಮಾತ್ರ ಹೊರಡಿ.

ಒಲೆ ಚಿಕ್ಕದಿದ್ದರೆ ಈ ಕೆಲಸವೂ ಚಿಕ್ಕದು. ನಮ್ಮ ಹುಡುಗರು ನಾಲ್ಕು ಜನರ ಅನ್ನಕ್ಕೂ ಕಾಮನನ್ನು ಸುಡುವಷ್ಟು ಬೆಂಕಿ ಹಾಕುತ್ತಾರೆ! ಹೆಬ್ಬೆರಳು ದಪ್ಪದ ಒಣ ಸೌದೆ ಸಾಕು. ಉರಿ ಇಳಿದು ಕೆಂಡವಾದ ಮೇಲೆ ಗೆಣಸಾಗಲಿ ಜೋಳದ ತೆನೆಯಾಗಲಿ ಸೀಯದೆ ಬೇಯುತ್ತದೆ. ಸುತ್ತ ಒಂದೆರಡು ಮಾರು ತರಗೆಲೆ ಗುಡಿಸಿ, ಬರಿ ನೆಲದಲ್ಲಿ ಒಲೆ ಹೂಡಿ. ಮರದ ಬುಡದಲ್ಲಿ ಬೇಡ. ಹೊಳೆಯಿಂದ ಎತ್ತಿದ ಹಸಿ ಕಲ್ಲನ್ನಂತೂ ಇಡಬೇಡಿ. ಒಳಗಿನ ನೀರು ಆವಿಯಾಗಿ ಹಿಗ್ಗಿದಾಗ ಕಲ್ಲು ಪಟ್ಟನೆ ಸಿಡಿಯುತ್ತದೆ. ಮಲೆನಾಡಿನವರಾದರೆ ಸೌದೆ ಆಯುವಾಗ ಹೊಳಗೇರು ಮರದ್ದು ಇಲ್ಲವೆಂದು ಖಚಿತ ಮಾಡಿಕೊಳ್ಳಿ, ಅದರ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ. ಮಾಂಸ ಚುಚ್ಚಿ ಸುಡಲು ಕಣಗಿಲೆ ಕಡ್ಡಿಯೂ ಬೇಡ, ಅದು ವಿಷ.

ಇದೆಲ್ಲ ಸ್ವಂತ ತೋಟದ ಮಾತು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟೇ ಜೋಪಾನ ಮಾಡಿದರೂ ಅಷ್ಟೇ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಚಳಿ ಜಾಸ್ತಿ ಅಂತ ಉಳಿದ ಕೆಂಡವನ್ನು ಬಾಣಲೆಗೆ ತುಂಬಿ ಟೆಂಟ್ ಒಳಗೆ ಇಟ್ಟುಕೊಳ್ಳಬೇಡಿ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.