ಹತ್ತೇ ಪ್ರಶ್ನೆ ತಾನೇ, ಅನುವಾದ ಮಾಡಿಬಿಟ್ಟರೆ ಆಯ್ತಲ್ವಾ?

ಓದುಗರ ಪ್ರಶ್ನೆ: ಸ್ಪೈನಾ ಬೈಫಿಡಾ ಇರುವ ಮಕ್ಕಳ ಬದುಕು ಹೇಗಿದೆ ಎಂದು ತಿಳಿಯಲು ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನಾವಳಿ ಇದೆಯಂತೆ. ಅದನ್ನು ಕೊರಿಯಾದ ಮಕ್ಕಳಿಗೆ ಹೊಂದಿಸಲು ಸಂಶೋಧನೆಯನ್ನೇ ಮಾಡಬೇಕಾ? ಕೊರಿಯನ್ ಬಲ್ಲವರಿಗೆ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಮುಗಿಯಲ್ವಾ?

ಅನುವಾದ ಮುಗಿಯುತ್ತದೆ. ಕಷ್ಟ ಇರುವುದು ಆಮೇಲೆ.

ಸ್ಪೈನಾ ಬೈಫಿಡಾ ಅಂದರೆ ಬಸಿರಿನ ಮೊದಲ ತಿಂಗಳಲ್ಲೇ ಮಗುವಿನ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದೆ ಉಳಿಯುವುದು. ಕೆಲವರಿಗೆ ಕಾಲಲ್ಲಿ ಬಲ ಇರುವುದಿಲ್ಲ. ಕೆಲವರಿಗೆ ತಲೆಯಲ್ಲಿ ನೀರು ತುಂಬಿ, ಅದನ್ನು ಹರಿಸಲು ಶಂಟ್ ಎಂಬ ಸಣ್ಣ ಕೊಳವೆ ಹಾಕಿರುತ್ತಾರೆ. ಆದರೆ ಶಾಲೆಗೆ ಹೋಗುವ ಮಗುವನ್ನು ದಿನವೂ ಕಾಡುವುದು ಹೆಚ್ಚಾಗಿ ಬೇರೆಯೇ: ಒಂದಕ್ಕೆ, ಎರಡಕ್ಕೆ ಹೋಗುವುದು ಅದರ ಹಿಡಿತದಲ್ಲಿ ಇರುವುದಿಲ್ಲ. ಎಷ್ಟೋ ಮಕ್ಕಳಿಗೆ ಮೂರು ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಕಿ ಮೂತ್ರ ತೆಗೆಯಬೇಕು, ಅದೂ ಶಾಲೆಯ ಟಾಯ್ಲೆಟ್‌ನಲ್ಲಿ, ಬಿಡುವಿನ ಹತ್ತು ನಿಮಿಷದಲ್ಲಿ, ಹೊರಗೆ ಗೆಳೆಯರು ಕಾಯುತ್ತಿರುವಾಗ. ಎಲ್ಲ ಮಕ್ಕಳಿಗೂ ಕೊಡುವ ಸಾಮಾನ್ಯ ಪ್ರಶ್ನಾವಳಿಗಳು ಇದನ್ನು ಕೇಳುವುದೇ ಇಲ್ಲ. ಅದಕ್ಕೇ ಅಮೆರಿಕದಲ್ಲಿ ಕ್ವಾಲಾಸ್ ಎಂಬ ಪ್ರಶ್ನಾವಳಿ ಹುಟ್ಟಿದ್ದು. 8ರಿಂದ 12 ವರ್ಷದವರಿಗೆ ಒಂದು, 13ರಿಂದ 17ರವರಿಗೆ ಇನ್ನೊಂದು. ಎರಡರಲ್ಲೂ ಹತ್ತು ಹತ್ತೇ ಪ್ರಶ್ನೆ. ಚಿಕ್ಕ ಮಕ್ಕಳದ್ದರಲ್ಲಿ ಅರ್ಧ ಮೂತ್ರ, ಮಲದ ತೊಂದರೆ ಬಗ್ಗೆ, ಇನ್ನರ್ಧ ತನ್ನ ಬಗ್ಗೆ ತನಗೆ ಏನನ್ನಿಸುತ್ತದೆ, ತನ್ನ ಕೆಲಸ ತಾನೇ ಮಾಡಿಕೊಳ್ಳಲು ಆಗುತ್ತದಾ ಎಂಬುದರ ಬಗ್ಗೆ.

ಈಗ ಕೊರಿಯಾಗೆ ಬನ್ನಿ. ಇಂಥ ಪ್ರಶ್ನಾವಳಿಯನ್ನು ಸಾಮಾನ್ಯವಾಗಿ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ, ಮೂಲವನ್ನು ನೋಡೇ ಇರದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷ್‌ಗೆ ತರುತ್ತಾರೆ. ಅರ್ಥ ಎಲ್ಲಿ ಜಾರಿದೆ ಅಂತ ಆಗ ಸಿಕ್ಕಿಬೀಳುತ್ತದೆ. ಇಷ್ಟು ಕಾಗದದ ಮೇಲಿನ ಕೆಲಸ.

ನಿಜವಾದ ಪರೀಕ್ಷೆ ಮಗುವಿನ ಎದುರು ಕೂತಾಗ. ಉತ್ತರ ಏನು ಅಂತಲ್ಲ, 'ಈ ಪ್ರಶ್ನೆಯಿಂದ ನಿನಗೆ ಏನು ಅರ್ಥ ಆಯ್ತು?' ಅಂತ ಕೇಳಬೇಕು. ಉದಾಹರಣೆಗೆ ಮೂತ್ರ ಸೋರುತ್ತದಾ ಅಂತ ಕೇಳಿದಿರಿ ಎಂದುಕೊಳ್ಳಿ. ಡೈಪರ್ ಹಾಕಿಕೊಂಡ ಮಗು 'ಇಲ್ಲ' ಅನ್ನಬಹುದು, ಯಾಕೆಂದರೆ ಅದರ ಲೆಕ್ಕದಲ್ಲಿ ಪ್ಯಾಂಟ್ ಒದ್ದೆಯಾದರೆ ಮಾತ್ರ ಸೋರಿದ ಹಾಗೆ. ಭಾಷೆ ಸರಿಯಾಗೇ ಇದೆ, ಉತ್ತರ ತಪ್ಪು! ಪಕ್ಕದಲ್ಲಿ ಅಮ್ಮ ಕೂತಿದ್ದರಂತೂ ಆ 'ಇಲ್ಲ'ವನ್ನು ನಾನು ಸುಮ್ನೆ ನಂಬುವುದಿಲ್ಲ.

ಕೊರಿಯಾದ್ದೇ ಆದ ತೊಡಕುಗಳೂ ಇವೆ. ಅಲ್ಲಿ ಹುಟ್ಟಿದಾಗಲೇ ಒಂದು ವರ್ಷ ಅಂತ ಎಣಿಸಿ, ಪ್ರತಿ ಜನವರಿ 1ಕ್ಕೆ ಇನ್ನೊಂದು ಸೇರಿಸುವ ರೂಢಿ ಇತ್ತು. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮಾರನೇ ದಿನ ಎರಡು ವರ್ಷ! ಸರ್ಕಾರಿ ಲೆಕ್ಕಕ್ಕೆ ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಎಣಿಸಬೇಕು ಅಂತ ಸ್ಪಷ್ಟಪಡಿಸಿದ ಕಾನೂನು ಜಾರಿಗೆ ಬಂದದ್ದು 2023ರ ಜೂನ್‌ನಲ್ಲಿ. ಹಾಗಾಗಿ 'ಎಂಟು ವರ್ಷ' ಅಂತ ಮನೆಯವರು ಹೇಳಿದ ಮಗುವಿಗೆ ನಿಜಕ್ಕೂ ಆರೋ ಏಳೋ ಆಗಿರಬಹುದು, ಹುಟ್ಟಿದ ತಾರೀಖನ್ನೇ ನೋಡಬೇಕು. ಇನ್ನು ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡಬೇಕು, ಎಷ್ಟೋ ಶಾಲೆಗಳಲ್ಲಿ ಒಳಗೆ ಹಾಕಿಕೊಳ್ಳೋ ಶೂಗಳೇ ಬೇರೆ. ಕಾಲಿಗೆ ಬ್ರೇಸ್ ಕಟ್ಟಿಕೊಂಡ ಮಗುವಿಗೆ ಇದೇ ಒಂದು ದೊಡ್ಡ ಕೆಲಸ. 'ನನ್ನ ಕೆಲಸ ನಾನೇ ಮಾಡಿಕೊಳ್ತೀನಿ' ಅನ್ನುವಾಗ ಆ ಮಗು ಅಮೆರಿಕದ ಮಗುವಿನ ಹಾಗೇ ಯೋಚಿಸುತ್ತದೆ ಅಂತ ಹೇಗೆ ಅಂದುಕೊಳ್ಳುವುದು?

ಇಷ್ಟಾದ ಮೇಲೆ ಅಂಕಿಗಳ ಸರದಿ. ಅದೇ ಮಗು ಕೆಲವು ವಾರ ಬಿಟ್ಟು ಮತ್ತೆ ತುಂಬಿದರೆ ಹೆಚ್ಚುಕಡಿಮೆ ಅದೇ ಉತ್ತರ ಬರಬೇಕು. ಕಿಡ್‌ಸ್ಕ್ರೀನ್‌ನಂಥ ಸಾಮಾನ್ಯ ಪ್ರಶ್ನಾವಳಿಯ ಜೊತೆಗೂ ಹೋಲಿಸುತ್ತಾರೆ. ಇಲ್ಲೊಂದು ತಮಾಷೆ ಇದೆ: ಎರಡೂ ತೀರಾ ಹೊಂದಿಬಿಟ್ಟರೆ ಹೊಸದು ಯಾಕೆ ಬೇಕಿತ್ತು? ಸ್ವಲ್ಪ ಹೊಂದಬೇಕು, ಜಾಸ್ತಿ ಹೊಂದಬಾರದು. ಇದಕ್ಕೆಲ್ಲ ಸಾಕಷ್ಟು ಮಕ್ಕಳೂ ಬೇಕು. ಮೊದಲೇ ಅಪರೂಪದ ತೊಂದರೆ, ಅದರ ಮೇಲೆ ಹೆರಿಗೆಗಳೇ ಕಡಿಮೆಯಾಗಿರುವ ದೇಶ.

ಕೊನೆಗೆ ಎರಡು ಭಾಗಕ್ಕೂ ಬೇರೆ ಬೇರೆ ಅಂಕ ಬರುತ್ತದೆ, ಕೂಡಿಸಿ ಒಂದು ಮಾಡುವುದಿಲ್ಲ. ಮೂತ್ರ, ಮಲದ ಭಾಗದಲ್ಲಿ ಮಾತ್ರ ಅಂಕ ಕಡಿಮೆ ಇದ್ದರೆ ಡಾಕ್ಟರು ಕ್ಯಾಥೆಟರ್ ಹಾಕುವ ಹೊತ್ತನ್ನೋ ಔಷಧಿಯನ್ನೋ ಮತ್ತೆ ನೋಡಬಹುದು. ಅಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಕಡಿಮೆ ಬಂದರೆ, ಮಗುವಿನ ಜೊತೆ ಕೂತು ಶಾಲೆ, ಗೆಳೆಯರ ವಿಷಯ ಮಾತಾಡಬೇಕು.