ಕೀ ಕೊಟ್ಟವನೂ ಕೊಲೆಗಾರನೇ?

"ಸಾರ್, ನಮ್ಮ ಹುಡುಗ ಕೈನೇ ಮಾಡಿಲ್ಲ." ಚಾರ್ಜ್‌ಶೀಟಿನಲ್ಲಿ ಎ-4, ಎ-5 (ನಾಲ್ಕನೇ, ಐದನೇ ಆರೋಪಿ) ಆದವರ ಮನೆಯವರು ಫೈಲ್ ಬಿಚ್ಚುವ ಮೊದಲೇ ಹೇಳುವ ಮಾತಿದು. ಆಗೆಲ್ಲ ನನಗೆ ಅಮೆರಿಕದ ಫ್ಲಾರಿಡಾದ ಒಂದು ಕೇಸು ನೆನಪಾಗುತ್ತದೆ.

2003ರಲ್ಲಿ ಅಲ್ಲಿ 20 ವರ್ಷದ ಹುಡುಗನೊಬ್ಬ ಪಾರ್ಟಿ ಮುಗಿದ ಮೇಲೆ ಗೆಳೆಯನಿಗೆ ಕಾರಿನ ಕೀ ಕೊಟ್ಟು ತಾನು ಮನೆಯಲ್ಲೇ ಉಳಿದ. ಆ ಕಾರಿನಲ್ಲಿ ಹೋದವರು ತಿಜೋರಿ ಕದಿಯಲು ಒಂದು ಮನೆಗೆ ನುಗ್ಗಿದರು. ಅವರಲ್ಲೊಬ್ಬ ಅಲ್ಲಿದ್ದ 18ರ ಹುಡುಗಿಯನ್ನು ಹೊಡೆದು ಕೊಂದ. ಕಳ್ಳತನದ ಮಾತನ್ನು ತಮಾಷೆ ಅಂದುಕೊಂಡೆ ಅಂತ ಕೀ ಕೊಟ್ಟವನು ಹೇಳಿದ. ಜ್ಯೂರಿ ಒಪ್ಪಲಿಲ್ಲ. ಪೆರೋಲ್ ಇಲ್ಲದ ಜೀವಾವಧಿ! ತಪ್ಪೊಪ್ಪಿಕೊಂಡಿದ್ದರೆ 10 ವರ್ಷಕ್ಕೆ ಮುಗಿಯುತ್ತಿತ್ತು. 2015ರಲ್ಲಿ ಗವರ್ನರ್ ಅದನ್ನು 25 ವರ್ಷಕ್ಕೆ ಇಳಿಸಿದರು.

ಇದೇ ಫೆಲನಿ ಮರ್ಡರ್ ರೂಲ್. ಸುಲಿಗೆಯಂಥ ದೊಡ್ಡ ಅಪರಾಧದ ನಡುವೆ ಜೀವ ಹೋದರೆ, ಅದರಲ್ಲಿ ಪಾಲಿದ್ದವನಿಗೂ ಕೊಲೆ ಕೇಸು. ಕೊಲ್ಲುವ ಉದ್ದೇಶ ಇತ್ತೇ ಅಂತ ಯಾರೂ ಕೇಳುವುದಿಲ್ಲ. ಇಂಗ್ಲೆಂಡ್ 1957ರಲ್ಲೇ ಇದನ್ನು ಬಿಟ್ಟಿತು. ಕ್ಯಾಲಿಫೋರ್ನಿಯಾ 2018ರ ಕಾನೂನಿನಲ್ಲಿ ಬಿಗಿ ಸಡಿಲಿಸಿತು, ಹಳೆಯ ಕೈದಿಗಳೂ ಅರ್ಜಿ ಹಾಕಬಹುದು ಎಂದಿತು.

ನಮ್ಮಲ್ಲಿ ಇದೆಲ್ಲ ಇಲ್ಲ ಅಂತ ಜೂನಿಯರ್‌ಗಳು ಹೇಳುವುದುಂಟು. ಪೂರ್ತಿ ನಿಜ ಅಲ್ಲ. ಐದು ಅಥವಾ ಹೆಚ್ಚು ಜನ ಸೇರಿ ಡಕಾಯಿತಿ ಮಾಡುವಾಗ ಒಬ್ಬ ಕೊಲೆ ಮಾಡಿದರೂ ಎಲ್ಲರಿಗೂ ಒಂದೇ ಸೆಕ್ಷನ್. ಮನೆಯಲ್ಲಿ ಮಲಗಿದವನು ಈ ಐವರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗೇಟಿನ ಹೊರಗೆ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾವಲು ನಿಂತವನು ಬರುತ್ತಾನೆ.

ಹಳೆಯ ಐಪಿಸಿ 396ರಲ್ಲಿ ಮರಣದಂಡನೆ, ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಕಠಿಣ ಸಜೆ ಅಂತಿತ್ತು. ಕಾವಲು ನಿಂತವನಿಗೆ ಮೂರೋ ನಾಲ್ಕೋ ವರ್ಷ ಸಾಕು ಅಂತ ವಾದ ಮಾಡಲು ಜಾಗ ಇತ್ತು. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 310(3) ಅದನ್ನು '10 ವರ್ಷಕ್ಕೆ ಕಡಿಮೆಯಿಲ್ಲದ' ಅಂತ ಮಾಡಿದೆ. ಸೂರು ಇದ್ದದ್ದು ಈಗ ನೆಲ ಆಗಿದೆ! ಬೇರೆ ಕಡೆ ಸಡಿಲಿಸುತ್ತಿರುವಾಗ ನಾವು ಬಿಗಿ ಮಾಡಿದ್ದೇವೆ. ಇದರ ಬಗ್ಗೆ ಚರ್ಚೆ ಜಾಸ್ತಿ ಕೇಳಿಬರಲಿಲ್ಲ. ಸೆಕ್ಷನ್ ನಂಬರ್ ಬದಲಾದದ್ದನ್ನು ಬಾಯಿಪಾಠ ಮಾಡುವುದರಲ್ಲೇ ನಾವು ವಕೀಲರೂ ಮುಳುಗಿದ್ದೆವು, ಅಲ್ವಾ? ಕೊಂದವನಿಗೆ ಏನೇ ಕೊಡಲಿ, ನನ್ನ ತಕರಾರಿಲ್ಲ. ಹೊರಗೆ ನಿಂತವನ ಮನಸ್ಸಲ್ಲಿ ಏನಿತ್ತು ಅಂತ ನೋಡಿ ಶಿಕ್ಷೆ ಇಳಿಸುವ ಅಧಿಕಾರ ಜಡ್ಜ್‌ಗೆ ಇರಬೇಕಿತ್ತು.

ಹೊಸ ಕಾನೂನು ಜಾರಿಯಾದದ್ದು 2024ರ ಜುಲೈ 1ರಂದು. ಹಾಗಾಗಿ ಎ-4ರ ಮನೆಯವರು ಬಂದರೆ, ಕೈ ಮಾಡಿದನೋ ಇಲ್ಲವೋ ಅನ್ನುವುದಕ್ಕೂ ಮೊದಲು ನಾನು ಕೇಳುವುದು ಒಂದೇ: "ಘಟನೆ ನಡೆದದ್ದು ಯಾವ ತಾರೀಖು?"