ಬೆಳೆ ಇಡದ ಹೊಲಕ್ಕೂ ಗೇಣಿ: ಅಮೆರಿಕದ ಸಿಆರ್‌ಪಿ

ಕೃಷಿ ಅರ್ಥಶಾಸ್ತ್ರ ಓದುವವರಿಗೆ ಸಿಆರ್‌ಪಿ, ಅಂದರೆ ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ, ಒಂದಲ್ಲ ಒಂದು ಕಡೆ ಎದುರಾಗುತ್ತದೆ. ಬೆಳೆ ನಿಲ್ಲಿಸಿ ಹೊಲವನ್ನು ಕಾಯುವ ರೈತನಿಗೆ ಸರ್ಕಾರ ಬಾಡಿಗೆ ಕೊಡುವ ಅಮೆರಿಕದ ಯೋಜನೆ ಇದು. ಸುಮ್ನೆ ಕೂತ ರೈತನಿಗೆ ಸರ್ಕಾರ ದುಡ್ಡು ಕೊಡುತ್ತದೆ ಅಂತ ಅದನ್ನು ಒಂದೇ ಸಾಲಲ್ಲಿ ಮುಗಿಸುವವರು ಜಾಸ್ತಿ. ಸಬ್ಸಿಡಿ ಅನ್ನುವ ಬದಲು ಗೇಣಿ ಒಪ್ಪಂದ ಅಂತ ನೋಡಿ, ನಿಯಮಗಳು ಸಲೀಸಾಗಿ ಅರ್ಥವಾಗುತ್ತವೆ.

ಉದಾಹರಣೆಗೆ, ಕೊಲೊರಾಡೊ ರಾಜ್ಯದ ಆಗ್ನೇಯ ಮೂಲೆಯಲ್ಲಿ ಬಾಕಾ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇದೆ. ಮಳೆ ಕಡಿಮೆ, ಗಾಳಿ ಜೋರು. ಮುಖ್ಯ ಬೆಳೆ ಗೋಧಿ ಮತ್ತು ಜೋಳ. 1930ರ ದಶಕದ 'ಡಸ್ಟ್ ಬೌಲ್' ಬರದಲ್ಲಿ ಇಲ್ಲಿನ ಉತ್ತ ಮಣ್ಣು ಗಾಳಿಗೆ ಎದ್ದು ಹೋಯಿತು. ಆಗ ಹಾಳಾದ ಹೊಲಗಳಲ್ಲಿ ಕೆಲವನ್ನು ಸರ್ಕಾರವೇ ಕೊಂಡಿತು. ಅದೇ ಈಗಿನ ಕೊಮಾಂಚಿ ರಾಷ್ಟ್ರೀಯ ಹುಲ್ಲುಗಾವಲು. ಸಿಆರ್‌ಪಿ ತಂದ 1985ರ ಕೃಷಿ ಕಾಯ್ದೆ ಬೇರೆ ದಾರಿ ಹಿಡಿಯಿತು: ಜಮೀನು ರೈತನದೇ, ಸರ್ಕಾರ ಕೊಡುವುದು ಬಾಡಿಗೆ ಮಾತ್ರ.

ಒಪ್ಪಂದ 10ರಿಂದ 15 ವರ್ಷದ್ದು. ಹೊಲ ಬೀಳು ಬಿಟ್ಟರೆ ಸಾಲದು, ಹುಲ್ಲು ಅಥವಾ ಮರ ಬೆಳೆಸಿ ಕಾಯಬೇಕು. ನೆಡುವ ಖರ್ಚಿನಲ್ಲಿ ಅರ್ಧದವರೆಗೆ ಸರ್ಕಾರ ಹಂಚಿಕೊಳ್ಳುತ್ತದೆ. ಮಧ್ಯದಲ್ಲಿ ಕೈಬಿಟ್ಟರೆ ಅಲ್ಲಿವರೆಗೆ ಪಡೆದ ಬಾಡಿಗೆಯನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಸುಮ್ನೆ ಕೂರುವ ಕೆಲಸ ಅಲ್ಲ, ಅಲ್ವಾ?

ಪರೀಕ್ಷೆಗೆ ಬೇಕಾದ ಭಾಗ ದರದ ಲೆಕ್ಕ. 2018ರ ಕಾಯ್ದೆ ಪ್ರಕಾರ ಸಾಮಾನ್ಯ ಅರ್ಜಿಗೆ ಬಾಡಿಗೆಯ ಮಿತಿ, ಕೌಂಟಿಯ ಸರಾಸರಿ ಗೇಣಿಯ ಶೇ. 85. ಸರಾಸರಿ ಎಕರೆಗೆ 40 ಡಾಲರ್ ಅಂತ ಇಟ್ಟುಕೊಳ್ಳೋಣ (ಇದು ಲೆಕ್ಕಕ್ಕಷ್ಟೇ). ಆಗ ಸಿಗುವುದು 34. ಒಳ್ಳೆ ಹೊಲ ಇರುವವನು 34ಕ್ಕೆ ಒಪ್ಪುವುದಿಲ್ಲ, ಬೇರೆಯವರಿಗೆ ಗೇಣಿಗೆ ಕೊಟ್ಟರೆ ಜಾಸ್ತಿ ಸಿಗುತ್ತದೆ. ಬಡಕಲು ಹೊಲದವನಿಗೆ ಅದೇ ದೊಡ್ಡದು. ಯೋಜನೆಗೂ ಬೇಕಾಗಿರುವುದು ಅಂಥ ಹೊಲವೇ. ಜೊತೆಗೆ ಮಣ್ಣು, ನೀರು, ವನ್ಯಜೀವಿಗೆ ಆಗುವ ಲಾಭಕ್ಕೆ ಅಂಕ ಕೊಟ್ಟು ಅರ್ಜಿಗಳನ್ನು ಆರಿಸುತ್ತಾರೆ. ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ಮಿತಿ. ನಮ್ಮ ಲೆಕ್ಕದ ದರದಲ್ಲಿ ಅದು ಸುಮಾರು 1,470 ಎಕರೆಗೆ ಮುಗಿಯುತ್ತದೆ. ಅಮೆರಿಕದ ಬಯಲು ಪ್ರದೇಶದ ದೊಡ್ಡ ಜಮೀನುದಾರರಿಗೆ ಇದು ನಿಜಕ್ಕೂ ತಾಗುವ ಮಿತಿ.

ದರ ಒಂದು ಕಡೆ ನಿಂತಿದ್ದು ಬೆಳೆ ಬೆಲೆ ಏರಿದರೆ ಏನಾಗುತ್ತದೆ? 2007ರಲ್ಲಿ ದೇಶದಲ್ಲಿ ಸುಮಾರು 3.68 ಕೋಟಿ ಎಕರೆ ಯೋಜನೆಯಲ್ಲಿತ್ತು. ಮೆಕ್ಕೆಜೋಳದಿಂದ ಮಾಡುವ ಇಂಧನ ಎಥನಾಲ್‌ನಿಂದಾಗಿ ಮೆಕ್ಕೆಜೋಳದ ಬೆಲೆ ಏರಿದಾಗ, ಅವಧಿ ಮುಗಿದ ಹೊಲಗಳು ಮತ್ತೆ ನೇಗಿಲಿಗೆ ಬಂದವು. 2014ರ ಕಾಯ್ದೆ ದೇಶದ ಒಟ್ಟು ಮಿತಿಯನ್ನೇ 2.4 ಕೋಟಿ ಎಕರೆಗೆ ಇಳಿಸಿತು. 2018ರದ್ದು ಮತ್ತೆ 2.7 ಕೋಟಿಯವರೆಗೆ ಏರಿಸಲು ಒಪ್ಪಿತು.

ನನಗೆ ಹೆಚ್ಚು ಹಿಡಿಸಿದ ನಿಯಮವನ್ನು ಬಹಳ ಜನ ಗಮನಿಸುವುದಿಲ್ಲ. ಸಾಮಾನ್ಯವಾಗಿ ಯಾವ ಕೌಂಟಿಯಲ್ಲೂ ಸಾಗುವಳಿ ಭೂಮಿಯ ಶೇ. 25ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಯಾಕೆ? ಹುಲ್ಲಿಗೆ ಬಿತ್ತನೆ ಬೀಜ, ಗೊಬ್ಬರ, ಡೀಸೆಲ್ ಬೇಕಾಗುವುದಿಲ್ಲ. ಧಾನ್ಯ ಗೋದಾಮಿಗೂ ಕೆಲಸವಿಲ್ಲ. ಜಮೀನಿನ ಒಡೆಯನಿಗೆ ಚೆಕ್ ಬರುತ್ತದೆ, ಅವನು ಬೇರೆ ರಾಜ್ಯದ ನಗರದಲ್ಲಿ ಇದ್ದರೂ ಬರುತ್ತದೆ. ಊರಿನ ಅಂಗಡಿಯವನಿಗೆ ಏನೂ ಬರುವುದಿಲ್ಲ. ಗೇಣಿಗೆ ಹೊಲ ಹುಡುಕುವ ಹೊಸ ರೈತನ ಪಾಡೂ ಅಷ್ಟೇ: ಅವನು ಪೈಪೋಟಿ ಮಾಡಬೇಕಾಗಿರುವುದು ಹತ್ತು ವರ್ಷ ಬಾಡಿಗೆ ತಪ್ಪಿಸದ ಸರ್ಕಾರದ ಜೊತೆ.